ಚಳಿಗೆ ಕೆಮ್ಮುವ ಅಂಬಾಸಡರ್

ಹೊಸದುರ್ಗ
14 ನವೆಂಬರ್ 2024

ಚಿಕ್ಕತಿಮ್ಮಪ್ಪ ಮೇಸ್ತ್ರಿಯವರಿಗೆ ರೇಣುಕಾ ಮಾಡುವ ನಮಸ್ಕಾರಗಳು.

ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಕಾರೊಂದನ್ನು ಬಿಟ್ಟು. ಕೊಬ್ಬರಿ ಮಂಡಿ ರಾಜಶೇಖರ್ ಅವರ ಹೆಂಡತಿ ಎಂದರೆ ನಿಮಗೆ ಗುರುತು ಸಿಗುತ್ತದೆ. ಅವರು ಹೋಗಿ ಎರಡು ವರ್ಷವಾಯಿತು. ಮಾವನವರು 1976ರಲ್ಲಿ ಕೊಂಡ ಬಿಳಿ ಅಂಬಾಸಡರ್ ಈಗಲೂ ನಮ್ಮಲ್ಲೇ ಇದೆ. ನಿಮ್ಮ ಹಿರಿಯೂರಿನ ರಿಪೇರಿ ಶೆಡ್ಡಿಗೆ ಬರದೆ ಅದು ಒಂದು ವರ್ಷವೂ ಕಳೆದಿರಲಿಲ್ಲವಂತೆ.

ಮೊನ್ನೆ ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮನೆಯವರು ದುರುಗಕ್ಕ ಎತ್ತಿಕೊಂಡು, "ಅವ್ರು ಫೋನಲ್ಲಿ ಮಾತಾಡಲ್ಲ ಕಣಮ್ಮ, ಏನೈತೋ ಕಾಗ್ದ ಬರೀರಿ" ಅಂದರು. ಶೆಡ್ ಮುಚ್ಚಿ ಆದಿವಾಲಕ್ಕೆ ಹೋದ ಮೇಲೆ ದೊಡ್ಡ ಸಾಹೇಬರಾಗಿದ್ದೀರಿ ಎಂದುಕೊಂಡೆ. ಇರಲಿ, ಗರಜು ನಮ್ಮದು.

ಕಾಯಿಲೆ ಹೀಗಿದೆ. ಬಿಸಿಲೇರಿದ ಮೇಲೆ ಕಾರು ರಾಜನ ಹಾಗೆ ಓಡುತ್ತದೆ. ಬೆಳಗಿನ ಐದು ಗಂಟೆಯ ಚಳಿಯಲ್ಲಿ ಮಾತ್ರ ಹತ್ತು ಸಲ ಸೆಲ್ಫ್ ಹೊಡೆದರೂ ಏಳುವುದಿಲ್ಲ. ಎದ್ದರೂ ಹೊಳಲ್ಕೆರೆ ರಸ್ತೆಯಲ್ಲಿ ನಾಲ್ಕು ಮೈಲಿ ಹೋಗುವುದರೊಳಗೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ.

ನನ್ನ ಮೈದುನ ಮೂರ್ತಪ್ಪ ಇದಕ್ಕೊಂದು ಗಂಡು ನೋಡಿದ್ದಾನೆ. ದಾವಣಗೆರೆಯ ಹೋಟೆಲಿನವರು ಬಾಗಿಲ ಮುಂದೆ ನಿಲ್ಲಿಸಿ, ಬಾನೆಟ್ ತೆಗೆದು ಒಳಗೆ ಹೂವಿನ ಗಿಡ ಬೆಳೆಸುತ್ತಾರಂತೆ. ನಮ್ಮವರು ಬದುಕಿದ್ದಾಗ ಹೆಚ್ಚು ಹೊತ್ತು ಕೂತದ್ದು ಮನೆಯಲ್ಲಲ್ಲ, ಆ ಸೀಟಿನಲ್ಲಿ. ಮೂರ್ತಪ್ಪನ ಮಗಳು ಪಲ್ಲವಿಯ ಮದುವೆ ಧನುರ್ಮಾಸ ಹಿಡಿಯುವ ಮೊದಲೇ, ಡಿಸೆಂಬರ್ ಹನ್ನೆರಡಕ್ಕೆ. ಬೆಳಿಗ್ಗೆ ಆರು ಐವತ್ತಕ್ಕೆ ಧಾರೆ, ಚಿತ್ರದುರ್ಗದಲ್ಲಿ. ದೊಡ್ಡಪ್ಪನ ಕಾರಿನಲ್ಲೇ ಹೋಗುತ್ತೇನೆಂದು ಹುಡುಗಿಯ ಹಠ. ನಾನು ಮೈದುನನಿಗೆ ಮಾತು ಕೊಟ್ಟಿದ್ದೇನೆ: ಅವತ್ತು ಕಾರು ದಾರಿಯಲ್ಲಿ ಎಲ್ಲೂ ನಿಲ್ಲದೆ ಮಂಟಪ ಮುಟ್ಟಿದರೆ ಮನೆಯಲ್ಲಿರುತ್ತದೆ, ನಿಂತರೆ ಹೋಟೆಲಿಗೆ ಹೋಗುತ್ತದೆ. ನೀವೊಮ್ಮೆ ಬಂದು ನೋಡಿದರೆ ಉಪಕಾರವಾಗುತ್ತದೆ.

ಇಂತಿ,
ರೇಣುಕಾ


ಆದಿವಾಲ
17 ನವೆಂಬರ್ 2024

ರೇಣುಕಮ್ಮನವರಿಗೆ,

ರಾಜಶೇಖರಪ್ಪನವರ ಸುದ್ದಿ ಆಗಲೇ ತಿಳಿದಿತ್ತು. ಬರಲಾಗಲಿಲ್ಲ, ಕ್ಷಮಿಸಿ. ಈಗಲೂ ಬರಲಾಗುವುದಿಲ್ಲ. ಮಂಡಿ ನೋವು, ಮೇಲಾಗಿ ಶೇಂಗಾ ಕೀಳುವ ಕಾಲ. ಆದರೆ ಆ ಕಾರು ನೋಡಲು ನಾನು ಬರಬೇಕಾಗಿಯೇ ಇಲ್ಲ. ಅದರ ಒಂದೊಂದು ನಟ್ಟಿನ ಜಾತಕ ನನ್ನ ತಲೆಯಲ್ಲಿದೆ. ಫೋನಿನಲ್ಲಿ ರಿಪೇರಿ ಹೇಳುವವರು ಈಗಿನ ಹುಡುಗರು. ಕಾಗದವಾದರೆ ಮನುಷ್ಯ ಯೋಚನೆ ಮಾಡಿ ಬರೆಯುತ್ತಾನೆ.

ಗಾಡಿಗೆ ಏನೂ ಆಗಿಲ್ಲ. ಆಗಿರುವುದು ನಿಮ್ಮ ಡ್ರೈವರಿಗೆ. ಚೋಕ್ ಎನ್ನುವುದು ಚಳಿಯಲ್ಲಿ ಎಂಜಿನ್ನಿಗೆ ಎರಡು ಗುಟುಕು ಪೆಟ್ರೋಲ್ ಜಾಸ್ತಿ ಕುಡಿಸುವ ಗುಂಡಿ. ಎದ್ದ ಮೇಲೆ ಅದನ್ನು ಒಳಗೆ ತಳ್ಳಬೇಕು. ನಿಮ್ಮ ಕತ್ತೆ ಅದನ್ನು ಎಳೆದುಕೊಂಡೇ ಹೊಳಲ್ಕೆರೆವರೆಗೂ ಹೋಗುತ್ತಿರುತ್ತಾನೆ, ಬರೆದುಕೊಡುತ್ತೇನೆ. ಕಿಡಿ ಹಾರಿಸುವ ಪ್ಲಗ್ಗು ನಾಲ್ಕನ್ನೂ ಬಿಚ್ಚಿಸಿ ನೋಡಿ, ಕರಿ ಹಿಡಿದಿರುತ್ತದೆ. ಕೆರೆದು, ಬ್ಲೇಡಿನಷ್ಟು ಸಂದು ಬಿಟ್ಟು ಹಾಕಿಸಿ. ಪ್ಲಗ್ಗಿಗೆ ಕರೆಂಟು ಕೊಡುವ ಪಾಯಿಂಟನ್ನೂ ಉಜ್ಜಿಸಿ. ಒಂದು ವಾರದಲ್ಲಿ ನನಗೆ ಥ್ಯಾಂಕ್ಸ್ ಎಂದು ಕಾಗದ ಬರೆಯುತ್ತೀರಿ.

ಚಿಕ್ಕತಿಮ್ಮಪ್ಪ


ಹೊಸದುರ್ಗ
21 ನವೆಂಬರ್ 2024

ತಿಮ್ಮಪ್ಪ ಮೇಸ್ತ್ರಿಯವರಿಗೆ,

ಥ್ಯಾಂಕ್ಸ್ ಅರ್ಧ ಮಾತ್ರ ಕಳಿಸುತ್ತಿದ್ದೇನೆ. ಪ್ಲಗ್ಗುಗಳು ನೀವು ಹೇಳಿದ ಹಾಗೆ ಬಾಣಲೆಯ ತಳದಷ್ಟು ಕರಿ ಹಿಡಿದಿದ್ದವು. ಉಜ್ಜಿ ಹಾಕಿದ ಮೇಲೆ ಮೊದಲ ಸೆಲ್ಫಿಗೇ ಏಳುತ್ತಿದೆ. ಆದರೆ ರಸ್ತೆಗೆ ಬಿದ್ದ ಮೇಲೆ ಅದೇ ಹಾಡು. ಚೋಕ್ ಒಳಗೆ ತಳ್ಳಿದರೆ ನಿಲ್ಲುತ್ತದೆ, ಎಳೆದರೆ ಹೊಗೆ ಕಾರುತ್ತಾ ಹೇಗೋ ಹೋಗುತ್ತದೆ. ಎರಡೇ ದಿನದಲ್ಲಿ ಪ್ಲಗ್ಗು ಮತ್ತೆ ಕರಿ.

ಕತ್ತೆಗೆ ನಿಮ್ಮ ಮಾತು ಓದಿ ಹೇಳಿದೆ. ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡಿತು.

ರೇಣುಕಾ


ಆದಿವಾಲ
24 ನವೆಂಬರ್ 2024

ರೇಣುಕಮ್ಮನವರಿಗೆ,

ಹಲ್ಲು ಕಚ್ಚುವ ಶಕ್ತಿಯನ್ನು ಆತ ಕ್ಲಚ್ಚಿನ ಮೇಲೆ ತೋರಿಸದಿದ್ದರೆ ಸಾಕು. ಹೊಸದುರ್ಗದಲ್ಲಿ ಡ್ರೈವರುಗಳಿಗೆ ಅಷ್ಟೊಂದು ಬರಗಾಲವೇ?

ಈಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಬನ್ನಿ. ಅದರ ನೆತ್ತಿಯ ಮೇಲೆ ಕರಿ ಮುಚ್ಚಳವಿದೆ. ತಿರುಗಿಸಿ ತೆಗೆದು ಒಂದು ಚಮಚ ತೆಳು ಆಯಿಲ್ ಬಿಡಿಸಿ. ದಪ್ಪ ಆಯಿಲ್ ಬಿಟ್ಟರೆ ಚಳಿಗೆ ಬೆಣ್ಣೆಯಂತೆ ಗಟ್ಟಿಯಾಗುತ್ತದೆ, ಗಾಡಿ ಕೆಮ್ಮುತ್ತದೆ. ಪೆಟ್ರೋಲ್ ಫಿಲ್ಟರ್ ತೊಳೆಸಿ. ಮೀಟರಿನಲ್ಲಿ ಎಂಜಿನ್ ಕಾವು ತೋರಿಸುವ ಮುಳ್ಳು ಎಲ್ಲಿ ನಿಲ್ಲುತ್ತದೆ, ಬರೆಯಿರಿ.

ನಿಮ್ಮ ಮಾವ ಪಂಚಾಕ್ಷರಪ್ಪನವರ ಕಾಲದಲ್ಲಿ ಬೇಸಿಗೆ ಬಂದರೆ ಇದೇ ಕಾರು ಮುದ್ದೆಯ ಎಸರಿನ ಹಾಗೆ ಕುದಿಯುತ್ತಿತ್ತು. ಅದನ್ನು ಜನ್ಮಕ್ಕೆ ಕುದಿಯದ ಹಾಗೆ ಮಾಡಿಕೊಟ್ಟವನು ನಾನು. ಅಂಥದ್ದೇ ಗೆದ್ದಿದ್ದೇನೆ, ಈ ಕೆಮ್ಮು ಯಾವ ಲೆಕ್ಕ?

ಚಿಕ್ಕತಿಮ್ಮಪ್ಪ


ಹೊಸದುರ್ಗ
27 ನವೆಂಬರ್ 2024

ತಿಮ್ಮಪ್ಪ ಮೇಸ್ತ್ರಿಯವರಿಗೆ,

ಆಯಿಲ್ ಬಿಟ್ಟಾಯಿತು, ಫಿಲ್ಟರ್ ತೊಳೆದಾಯಿತು. ಗುಣವಿಲ್ಲ. ಮುಳ್ಳು ತಳದಲ್ಲೇ ಮಲಗಿರುತ್ತದೆ, ಎಷ್ಟು ಓಡಿಸಿದರೂ ಕಾಲು ಭಾಗಕ್ಕೆ ಏಳುವುದಿಲ್ಲ. ಸದ್ಯ, ಕಾರು ಬಿಸಿಯಾಗುತ್ತಿಲ್ಲ ಎನ್ನುವುದೊಂದು ಸಮಾಧಾನ.

ಒಂದು ವಿಚಿತ್ರ ಗಮನಿಸಿದ್ದೇನೆ. ಊರೊಳಗೆ ಸಂತೆಬೀದಿಯಲ್ಲಿ ನಿಧಾನಕ್ಕೆ ಹೋಗುವಾಗ ಕೆಮ್ಮಿಲ್ಲ. ಏರಿನಲ್ಲೂ ಇಲ್ಲ. ಊರಾಚೆ ಬಯಲಲ್ಲಿ, ಎದುರುಗಾಳಿಗೆ ಇಳಿಜಾರಿನಲ್ಲಿ ಬಿಟ್ಟಾಗಲೇ ನಿಲ್ಲುವುದು. ಸುಲಭದ ದಾರಿಯಲ್ಲಿ ಮುಗ್ಗರಿಸುವ ಕಾರನ್ನು ಎಲ್ಲಾದರೂ ಕಂಡಿದ್ದೀರಾ?

ಇನ್ನು ಹದಿನೈದು ದಿನ ಉಳಿದಿದೆ. ಮೂರ್ತಪ್ಪ ನಿನ್ನೆ ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಅತ್ಗೆಮ್ಮ, ಇದ್ರಲ್ಲಿ ದಾಸವಾಳ ಚೆನ್ನಾಗಿ ಬರ್ತೈತೆ ಅಂತೀನಿ" ಅಂದ. ಒಳ್ಳೆಯವನೇ, ನಾಲಿಗೆ ಮಾತ್ರ ಹಾಗೆ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಎಂಜಿನ್ನಿನ ಶಬ್ದವನ್ನು ರೆಕಾರ್ಡ್ ಮಾಡಿ ದುರುಗಕ್ಕನ ಫೋನಿಗೆ ಕಳಿಸಿದ್ದೇನೆ. ಶಬ್ದ ಕೇಳಿಯೇ ರೋಗ ಹೇಳುತ್ತಿದ್ದಿರಂತೆ, ನಮ್ಮವರು ಊರಿಗೆಲ್ಲ ಹೊಗಳುತ್ತಿದ್ದರು. ಕೇಳಿ ಹೇಳಿ.

ರೇಣುಕಾ


ಆದಿವಾಲ
30 ನವೆಂಬರ್ 2024

ರೇಣುಕಮ್ಮನವರಿಗೆ,

ಮುಳ್ಳು ತಳದಲ್ಲಿದೆ ಎಂದು ಓದಿ ಎದೆ ಉಬ್ಬಿತು. ಮೂವತ್ತು ವರ್ಷದ ಹಿಂದಿನ ನನ್ನ ಕೆಲಸ ಇನ್ನೂ ನಿಂತಿದೆ ನೋಡಿ. ನಮ್ಮ ಹಿರಿಯೂರು ಸೀಮೆಯಲ್ಲಿ ಗಾಡಿ ತಣ್ಣಗಿದ್ದರೆ ಅರ್ಧ ಗೆದ್ದ ಹಾಗೆ.

ಶಬ್ದ ಕೇಳಿದೆ. ಮೂರನೇ ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ. ನಡುನಡುವೆ ಉಸಿರು ಕಟ್ಟುತ್ತದೆ, ಆಮೇಲೆ ಒಮ್ಮೆಲೇ ಜೋರಾಗುತ್ತದೆ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸಿ ವಾಲ್ವ್ ಉಜ್ಜಿಸಬೇಕು. ಆರು ದಿನದ ಕೆಲಸ, ತಡ ಮಾಡಬೇಡಿ. ಆ ಕತ್ತೆಯನ್ನು ಮಾತ್ರ ಹತ್ತಿರ ಬಿಡಬೇಡಿ.

ಚಿಕ್ಕತಿಮ್ಮಪ್ಪ


ಹೊಸದುರ್ಗ
2 ಡಿಸೆಂಬರ್ 2024

ಮೇಸ್ತ್ರಿಗಳೇ,

ಇವತ್ತು ಮಧ್ಯಾಹ್ನ ಪಲ್ಲವಿಯ ರವಿಕೆ ಹೊಲಿಯುವ ಚಂದ್ರಕ್ಕ ಫೋನ್ ಮಾಡಿ, "ಏನ್ರೀ ರೇಣುಕಕ್ಕ, ನನ್ ಫೋನಿಗೆ ಅದ್ಯಾವ್ದೋ ಗಾಡಿ ಶಬ್ದ ಕಳ್ಸೀರಲ್ರೀ?" ಅಂದಳು. ಫೋನ್ ತೆಗೆದು ನೋಡಿದರೆ ಎಂಜಿನ್ ಅವಳಿಗೆ ಹೋಗಿದೆ. ಅವಳಿಗೆಂದು ನಮ್ಮ ಅತ್ತೆ ಬಸಮ್ಮನವರು ಹೇಳಿದ್ದು ನಿಮಗೆ ಬಂದಿದೆ. "ರವಿಕೆ ಇನ್ನೊಂದಿಂಚು ಬಿಡವ್ವ, ಹುಡ್ಗಿ ಉಸಿರು ಬಿಡಂಗಿರ್‍ಲಿ." ಅಷ್ಟೇ ಅದರಲ್ಲಿರುವುದು. ನಮ್ಮ ಅತ್ತೆಯ ಯಾವ ಸಿಲಿಂಡರ್ ಕೆಟ್ಟಿದೆ, ಹೇಳುತ್ತೀರಾ?

ನೀವು ಅದನ್ನು ಕೇಳಲೇ ಇಲ್ಲ. ಕೇಳದೆ ಹೆಡ್ ಇಳಿಸಿ ಎಂದು ಬರೆದಿರಿ. ಇಳಿಸಿದ್ದರೆ ಮದುವೆಗೆ ಕಾರಿರುತ್ತಿತ್ತೇ? ನನಗೆ ಬಂದಿರುವ ಸಿಟ್ಟು ಈ ಕಾಗದದಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಆ ಕತ್ತೆ ನಾನು. ನಮ್ಮಲ್ಲಿ ಡ್ರೈವರ್ ಇಲ್ಲ. ಹಿಂದೆ ನಮ್ಮವರು ನನಗೆ ಕಾರು ಕಲಿಸಲೇ ಎಂದು ನಿಮ್ಮನ್ನು ಕೇಳಿದಾಗ, "ಅಂಬಾಸಡರ್ ಸ್ಟೇರಿಂಗು ಹೆಣ್ಮಕ್ಳು ಕೈಗೆ ಬಗ್ಗಲ್ಲ ಸ್ವಾಮಿ" ಎಂದು ನಕ್ಕಿದ್ದಿರಿ. ನಾನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ಅವರು ಹೋದ ಮೇಲೆ ಶ್ರೀರಾಂಪುರದ ನನ್ನ ತಮ್ಮನಿಂದ ಕಲಿತು ಲೈಸೆನ್ಸ್ ತೆಗೆದುಕೊಂಡೆ. ಊರು ಏಳುವ ಮೊದಲು, ಯಾರೂ ನೋಡದ ಹೊತ್ತಿನಲ್ಲಿ ಅಭ್ಯಾಸ ಮಾಡುತ್ತೇನೆ. ಜೊತೆಗೆ ಬರುವುದು ಅತ್ತೆ ಒಬ್ಬರೇ. ಗೊತ್ತಾದರೆ ನೀವು ಉತ್ತರ ಬರೆಯುವುದಿಲ್ಲ ಎಂದು ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಅತ್ತೆ ಮುಂದಿನ ಸೀಟಿನಲ್ಲಿ ಕೂತು, "ನಿಮ್ಮ ಮಾವ್ನೋರ ಕಾಲ್ದಲ್ಲಿ ಈ ಕಾರಲ್ಲಿ ಕುಂತ್ರೆ ಕಾಲು ಬೆಚ್ಚಗಾಗವು. ಈಗೇನಿದು, ಕೊರೀತೈತೆ. ಮುಂದಕ್ಕೆ ಏನಾನ ಅಡ್ಡ ಕಟ್ಟು" ಅಂದರು. ಅವರ ಸಮಾಧಾನಕ್ಕೆ ಕೊಬ್ಬರಿಯ ಗೋಣಿಚೀಲವೊಂದನ್ನು ಕಾರಿನ ಮುಂದಿನ ಜಾಲರಿಗೆ ಕಟ್ಟಿದೆ. ಹೊಳಲ್ಕೆರೆವರೆಗೆ ಒಂದು ಕೆಮ್ಮಿಲ್ಲ! ಹದಿನೆಂಟು ದಿನದಲ್ಲಿ ನೀವು ಹೇಳಲಾಗದ್ದನ್ನು ಒಂದು ಗೋಣಿಚೀಲ ಹೇಳಿತು. ಬಿಸಿಲೇರಿದ ಮೇಲೆ ಬರುವಾಗ ಮುಳ್ಳು ಹಾರಿ ನೀರು ಕುದಿಯಿತು, ಅದು ಬೇರೆ ಮಾತು. ಮದುವಣಗಿತ್ತಿ ಕೂರುವ ಕಾರಿನ ಮುಖಕ್ಕೆ ಚೀಲ ಕಟ್ಟಿಕೊಂಡು ನಾನಂತೂ ಹೋಗಲಾರೆ.

ಉತ್ತರ ಬರೆಯುವುದಾದರೆ ನಿಜ ಬರೆಯಿರಿ. ಇಲ್ಲವಾದರೆ ಬೇಡ.

ರೇಣುಕಾ


ಆದಿವಾಲ
4 ಡಿಸೆಂಬರ್ 2024

ತಾಯಿ ರೇಣುಕಮ್ಮನವರಿಗೆ,

ಕಾಗದ ಬಂದ ಗಳಿಗೆಯಲ್ಲೇ ಬರೆಯುತ್ತಿದ್ದೇನೆ.

ನನಗೆ ಕಿವಿ ಕೇಳುವುದಿಲ್ಲ. ಮೂರು ವರ್ಷವಾಯಿತು. ಮೊದಲು ಎಡಗಡೆಯದು ಹೋಯಿತು, ಆಮೇಲೆ ಇನ್ನೊಂದು. ಶಬ್ದ ಕೇಳಿ ರೋಗ ಹೇಳುವ ತಿಮ್ಮಪ್ಪ ಎಂದು ಹೆಸರು ಮಾಡಿದವನು, ಬಾನೆಟ್ ಎತ್ತಿಕೊಂಡು ಜನರ ಬಾಯಿ ನೋಡುತ್ತಾ ನಿಲ್ಲಲೇ? ಅದಕ್ಕೇ ಶೆಡ್ ಮುಚ್ಚಿದೆ. ಅದಕ್ಕೇ ರಾಜಶೇಖರಪ್ಪನವರ ಮಣ್ಣಿಗೂ ಬರಲಿಲ್ಲ. ನಾಲ್ಕು ಜನ ಮಾತಾಡಿಸಿದರೆ ಏನು ಹೇಳಲಿ ಎಂಬ ನಾಚಿಕೆ. ಮಂಡಿ ನನ್ನದು ಗಟ್ಟಿಯಾಗಿದೆ. ನಿಮ್ಮ ರೆಕಾರ್ಡ್ ಬಂದ ದಿನ ದುರುಗಿ ಹೊಲಕ್ಕೆ ಹೋಗಿದ್ದಳು. ಫೋನನ್ನು ಕಿವಿಗೊತ್ತಿ ಹಿಡಿದೆ. ಫೋನು ಅದುರಿದ್ದು ಕೈಗೆ ತಿಳಿಯಿತು, ಅದನ್ನೇ ಎಂಜಿನ್ ಅಂದುಕೊಂಡೆ. ಸುಳ್ಳು ಬರೆದದ್ದು ತಪ್ಪು. ನಿಮ್ಮ ಸಿಟ್ಟು ನನಗೆ ಸಲ್ಲಬೇಕಾದದ್ದೇ.

ಈಗ ಕಾರಿನ ಮಾತು. ಬಸಮ್ಮನವರ ಕಾಲು ಬೆಚ್ಚಗಾಗುತ್ತಿತ್ತು ಎಂದು ಓದಿದ ಕೂಡಲೇ ತಲೆಗೆ ಹೊಡೆದ ಹಾಗಾಯಿತು. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲಿರುತ್ತದೆ. ಎಂಜಿನ್ ಹದವಾಗಿ ಕಾಯುವವರೆಗೆ ಅದು ನೀರನ್ನು ಒಳಗೇ ತಡೆಯುತ್ತದೆ, ಕಾದ ಮೇಲೆ ತೆರೆದುಕೊಂಡು ತಣ್ಣಗಾಗಲು ಕಳಿಸುತ್ತದೆ. 1994ರ ಬೇಸಿಗೆಯಲ್ಲಿ ನಿಮ್ಮ ಮಾವನವರ ಕಾರು ಹಿರಿಯೂರಿನ ಹತ್ತಿರ ಕುದಿದು ನಿಂತಾಗ ನಾನು ಆ ಬಾಗಿಲನ್ನೇ ಕಿತ್ತು ಎಸೆದೆ. ನಮ್ಮ ಬಿಸಿಲ ಸೀಮೆಯಲ್ಲಿ ಎಲ್ಲ ಮೇಸ್ತ್ರಿಗಳೂ ಮಾಡುತ್ತಿದ್ದದ್ದು ಅದೇ. ಕಾರು ಮತ್ತೆ ಕುದಿಯಲಿಲ್ಲ, ನನಗೆ ಹೆಸರು ಬಂತು. ನಮಗೆ ಗಾಡಿ ಕಾಯುವುದೊಂದೇ ರೋಗ. ತಣ್ಣಗಿರುವುದೂ ರೋಗ ಎಂದು ನಮ್ಮ ಬುದ್ಧಿಗೆ ಹೊಳೆಯುವುದೇ ಇಲ್ಲ. ನೀವು ಮುಳ್ಳು ತಳದಲ್ಲಿದೆ ಎಂದು ಬರೆದಿರಿ, ನಾನು ಮೀಸೆ ತಿರುವಿದೆ.

ಎಂಜಿನ್ ಕಾಯದಿದ್ದರೆ ಚೋಕ್ ಬಿಡಲು ಒಪ್ಪುವುದಿಲ್ಲ, ಚೋಕ್ ಎಳೆದೇ ಇದ್ದರೆ ಪ್ಲಗ್ಗು ಕರಿಯಾಗುತ್ತದೆ. ಏರಿನಲ್ಲಿ ದಣಿದು ಕಾಯುತ್ತದೆ, ಬಯಲಿನ ಗಾಳಿಗೆ ಮತ್ತೆ ಆರುತ್ತದೆ. ನೀವು ಬರೆದದ್ದೆಲ್ಲ ಸರಿಯಾಗಿತ್ತು. ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ರಾಜಶೇಖರಪ್ಪನವರು ಒಂಬತ್ತಕ್ಕೆ ಮೊದಲು ಕಾರು ತೆಗೆದವರೇ ಅಲ್ಲ. ಚಳಿಯಲ್ಲಿ ಅದನ್ನು ಓಡಿಸಿದವರು ನೀವೇ ಮೊದಲು. ಎರಡನೇ ಸಲ ಹಲ್ಲು ಬೀಳುವ ವಯಸ್ಸಿನಲ್ಲಿ ಒಪ್ಪಿಕೊಳ್ಳುತ್ತೇನೆ, ಡ್ರೈವರ್ ಒಳ್ಳೆಯವರೇ, ಕತ್ತೆ ನಾನೇ.

ನಾಳೆ ಚಿತ್ರದುರ್ಗಕ್ಕೆ ಹೋಗಿ ಆ ಥರ್ಮೋಸ್ಟಾಟ್ ವಾಲ್ವ್ ಹುಡುಕುತ್ತೇನೆ. ಸಿಕ್ಕಿದ ಕೂಡಲೇ ನಿಮ್ಮೂರ ಬಸ್ಸಿನ ಕಂಡಕ್ಟರ್ ರಂಗಯ್ಯನ ಕೈಯಲ್ಲಿ ಕಳಿಸುತ್ತೇನೆ. ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಮುಳುಗಿಸಿ. ಕುದಿಯುವ ಮುಂಚೆ ಬಾಯಿ ಬಿಡಬೇಕು. ಎಂಜಿನ್ನಿನ ಮುಂದೆ ದಪ್ಪ ರಬ್ಬರ್ ಪೈಪು ಸೇರುವ ಕಡೆ ಮೂರು ನಟ್ಟಿನ ಮುಚ್ಚಳವಿದೆ. ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟಿಡಿ, ಅವಸರಕ್ಕೆ ತಿರುಗಿಸಿದರೆ ಮುರಿಯುತ್ತದೆ. ಸ್ಪ್ರಿಂಗ್ ಇರುವ ಮಗ್ಗುಲು ಎಂಜಿನ್ನಿನ ಕಡೆಗೆ. ಯಾರನ್ನೂ ಕರೆಯಬೇಡಿ, ನೀವೇ ಹಾಕಿ. ಆಗುತ್ತದೆ ನಿಮ್ಮ ಕೈಯಲ್ಲಿ.

ಚಿಕ್ಕತಿಮ್ಮಪ್ಪ


ಹೊಸದುರ್ಗ
8 ಡಿಸೆಂಬರ್ 2024

ತಿಮ್ಮಪ್ಪ ಮೇಸ್ತ್ರಿಯವರಿಗೆ,

ರಂಗಯ್ಯನವರು ಶುಕ್ರವಾರ ಸಂಜೆ ಪೊಟ್ಟಣ ತಲುಪಿಸಿದರು. ಹಾಲು ಕಾಯಿಸುವ ಪಾತ್ರೆಯಲ್ಲಿ ನಿಮ್ಮ ವಾಲ್ವ್ ಬೇಯುವುದನ್ನು ನೋಡಿ ಅತ್ತೆ, "ಲೇ ರೇಣುಕಾ, ಅದ್ಯಾವ ಹೊಸಾ ತರಕಾರಿಯೇ?" ಅಂದರು. ಬಾಯಿ ಬಿಟ್ಟಿತು, ನೀವು ಹೇಳಿದ ಹೊತ್ತಿಗೇ. ಇಬ್ಬರೂ ಚಪ್ಪಾಳೆ ಹೊಡೆದೆವು. ಪಾತ್ರೆ ಮಾತ್ರ ಇನ್ನು ಅಡಿಗೆಮನೆಗೆ ಬರಕೂಡದಂತೆ.

ಎರಡು ನಟ್ಟು ಸಲೀಸಾಗಿ ಬಂದವು. ಮೂರನೆಯದಕ್ಕೆ ಒಂದಿಡೀ ಮಧ್ಯಾಹ್ನ ಹೋಯಿತು. ಗೆಣ್ಣು ಸುಲಿಯಿತು. ಇವತ್ತು ಬೆಳಿಗ್ಗೆ ಐದು ಗಂಟೆಗೇ ಹೊಳಲ್ಕೆರೆಗೆ ಹೋಗಿ ಬಂದೆ. ಐದನೇ ನಿಮಿಷಕ್ಕೆ ಚೋಕ್ ಒಳಗೆ ತಳ್ಳಿದೆ, ಕಾರು ಚಕಾರ ಎತ್ತಲಿಲ್ಲ. ಮುಳ್ಳು ನಿಧಾನಕ್ಕೆ ಎದ್ದು ನಡುಮಧ್ಯದಲ್ಲಿ ನಿಂತಿತು.

ಕಿವಿಯ ಮಾತು ಓದಿ ಅತ್ತುಬಿಟ್ಟೆ. ನಿಮ್ಮದು ಸೊಕ್ಕು ಎಂದು ತಿಳಿದಿದ್ದೆ, ಹಾಗೆ ಬರೆದೂ ಬರೆದೆ. ತಪ್ಪಾಯಿತು. ನಮ್ಮವರ ಮಣ್ಣಿಗೆ ನೀವು ಬರಲಿಲ್ಲವೆಂದು ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಅದೂ ಇವತ್ತಿಗೆ ಮುಗಿಯಿತು. ಕಾಗದದ ಜೊತೆ ಲಗ್ನಪತ್ರಿಕೆ ಇಟ್ಟಿದ್ದೇನೆ, ಹನ್ನೆರಡಕ್ಕೆ ದುರುಗಕ್ಕನನ್ನು ಕರೆದುಕೊಂಡು ಮದುವೆಗೆ ಬನ್ನಿ. ಯಾರು ಏನು ಕೇಳಿದರೂ ಉತ್ತರ ಹೇಳಲು ನಾನಿರುತ್ತೇನೆ.

ರೇಣುಕಾ


ಹೊಸದುರ್ಗ
13 ಡಿಸೆಂಬರ್ 2024

ತಿಮ್ಮಪ್ಪ ಮೇಸ್ತ್ರಿಯವರಿಗೆ,

ನೀವು ಬರಲಿಲ್ಲ. ಊಟದ ಸಾಲುಗಳಲ್ಲೆಲ್ಲ ಹುಡುಕಿದೆ. ಆ ಬೇಜಾರನ್ನು ಪಕ್ಕಕ್ಕಿಟ್ಟು ಸುದ್ದಿ ಬರೆಯುತ್ತೇನೆ.

ನಾಲ್ಕೂವರೆಗೆ ಮೂರ್ತಪ್ಪ ಬಾಡಿಗೆ ಡ್ರೈವರನ್ನು ಕರೆದುಕೊಂಡು ಬಂದ. ನಾನು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಂದೆ ಕೂತಿದ್ದೆ. "ಅತ್ಗೆಮ್ಮ, ತಮಾಷಿ ಮಾಡೋ ಹೊತ್ತಾ ಇದು? ಇಳೀರಿ" ಅಂದ. ನಾನು ಬಾಯಿ ತೆರೆಯುವುದರೊಳಗೆ ಪಲ್ಲವಿ ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು. ಅತ್ತೆ ಮುಂದೆ ಕೂತು, "ಕುಂತ್ಕಳೋ ಮೂರ್ತಿ, ಲಗ್ನ ಮೀರ್‍ತೈತೆ" ಅಂದರು. ತಾಯಿಯ ಮಾತಿಗೆ ಎದುರಿಲ್ಲ, ಮಗಳ ಪಕ್ಕ ಮುದುಡಿಕೊಂಡು ಕೂತ.

ಹೊಳಲ್ಕೆರೆವರೆಗೆ ಅವನ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ಪ್ರತಿ ಇಳಿಜಾರಿನಲ್ಲೂ ನಾನು ಮುಳ್ಳು ನೋಡುತ್ತಿದ್ದೆ. ಕಾರು ಮಾತ್ರ ಒಂದೇ ಸಮನೆ ಹೋಯಿತು. ದುರ್ಗದ ಗಾಳಿಯಂತ್ರಗಳ ಕೆಂಪು ದೀಪ ಕಾಣುವ ಹೊತ್ತಿಗೆ ತಿರುಗಿ ನೋಡಿದರೆ ಮೂರ್ತಪ್ಪ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಡ.

ಆರು ಗಂಟೆಗೆ ಹತ್ತು ನಿಮಿಷವಿರುವಾಗ ಮಂಟಪದೆದುರು ನಿಲ್ಲಿಸಿದೆ. ಎಲ್ಲರೂ ಇಳಿದು ಹೋದರು. ನಾನು ಸ್ವಲ್ಪ ಹೊತ್ತು ಅಲ್ಲೇ ಕೂತೆ. ನಮ್ಮವರು ಪಕ್ಕದಲ್ಲಿರಬೇಕಿತ್ತು ಅನ್ನಿಸಿ ಕಣ್ಣೀರು ಬಂತು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋದೆ. ಊಟದ ಹೊತ್ತಿಗೆ ಮೂರ್ತಪ್ಪ ನನ್ನೆದುರಿಗೇ ದಾವಣಗೆರೆಗೆ ಫೋನ್ ಹಚ್ಚಿದ. "ಇಲ್ಲ ಕಣಪ್ಪ, ಕೊಡಲ್ಲ. ಓಡ್ಸೋರು ಮನೇಲೇ ಅದಾರೆ" ಅಂದು ಇಟ್ಟ.

ರೇಣುಕಾ


ಆದಿವಾಲ
17 ಡಿಸೆಂಬರ್ 2024

ತಾಯಿ ರೇಣುಕಮ್ಮನವರಿಗೆ,

ಕಾಗದವನ್ನು ದುರುಗಿಗೆ ಮೂರು ಸಲ ಓದಿ ಹೇಳಿದೆ. ನಾಲ್ಕನೇ ಸಲ ನನಗಾಗಿ ಓದಿಕೊಂಡೆ.

ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ, ನಾನು ಬಂದಿದ್ದೆ. ಮೊದಲ ಬಸ್ಸಿಗೆ ಹಿರಿಯೂರು ಬಿಟ್ಟು ಐದೂವರೆಗೆಲ್ಲ ಮಂಟಪದ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ, ಸ್ಪ್ಯಾನರಿನ ಚೀಲ ತೊಡೆಯ ಮೇಲಿಟ್ಟುಕೊಂಡು. ಆರೂಕಾಲಾದರೂ ಕಾರು ಕಾಣದಿದ್ದರೆ ಹೊಳಲ್ಕೆರೆ ರಸ್ತೆಗೆ ಆಟೋ ಹಿಡಿದು ಓಡುವುದೆಂದು ತೀರ್ಮಾನ ಮಾಡಿದ್ದೆ. ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ. ಆ ವಾಲ್ವ್ ಕಿತ್ತವನು ನಾನಲ್ಲವೇ, ಆ ರಾತ್ರಿ ಮನೆಯಲ್ಲಿ ಮಲಗಲಾಗಲಿಲ್ಲ.

ನೀವು ಗೇಟಿನಲ್ಲಿ ತಿರುಗಿಸಿದ್ದು ನೋಡಿದೆ. ಒಂದೇ ಏಟಿಗೆ, ಹಿಂದೆ ಮುಂದೆ ಮಾಡದೆ. ಅದನ್ನು ನಮ್ಮ ಶೆಡ್ಡಿನ ಹುಡುಗರೂ ಮಾಡುತ್ತಿರಲಿಲ್ಲ. ನೀವು ಕಾರಿನಲ್ಲೇ ಕೂತು ಅಳುವುದೂ ಕಂಡಿತು, ಅದಕ್ಕೇ ಹತ್ತಿರ ಬರಲಿಲ್ಲ. ನೀವು ಒಳಗೆ ಹೋದ ಮೇಲೆ ರಸ್ತೆ ದಾಟಿ ಬಂದೆ. ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತೆ. ಕಾವು ಹದವಾಗಿತ್ತು, ಮೂವತ್ತು ವರ್ಷದಿಂದ ಇರಬೇಕಾಗಿದ್ದ ಹಾಗೆ. ವಾಲಗದವರು ಗಲ್ಲ ಉಬ್ಬಿಸಿ ಊದುತ್ತಿದ್ದರು. ನನಗೆ ಏನೂ ಕೇಳುತ್ತಿರಲಿಲ್ಲ, ಆದರೆ ಅವತ್ತು ಅದರಿಂದ ಏನೂ ಕಡಿಮೆ ಅನ್ನಿಸಲಿಲ್ಲ ತಾಯಿ.

ಊಟ ಮಾಡಿಕೊಂಡು ಹೋಗಬೇಕಿತ್ತು, ಬೈಯಬೇಡಿ. ಅಷ್ಟು ಜನರ ನಡುವೆ ಕಣ್ಣೊರೆಸಿಕೊಳ್ಳುತ್ತಾ ಹೇಗೆ ಕೂರಲಿ? ಏಳೂವರೆ ಬಸ್ಸಿಗೆ ಹಿರಿಯೂರಿಗೆ ಹೊರಟುಬಿಟ್ಟೆ.

ಚಿಕ್ಕತಿಮ್ಮಪ್ಪ